ಯೆಹೂದ್ಯರ ಪ್ರಾರ್ಥನಾವಸ್ತ್ರ ಮತ್ತು ಅದರ ಸ್ತುತಿವಾಕ್ಯದ ವಿಧಿವಿಚಾರ

ಧರ್ಮಾಚರಣೆಯಲ್ಲಿ ಕ್ರಿಯೆಯು ದೊಡ್ಡದೋ, ಕ್ರಿಯೆಗೆ ಮೊದಲು ಆಡುವ ವಾಕ್ಯವು ದೊಡ್ಡದೋ ಎಂಬ ಪ್ರಶ್ನೆಯು ಅನೇಕ ದೇಶಗಳ ಶಾಸ್ತ್ರಜ್ಞರನ್ನು ಕಾಡಿರುವದು. ಕ್ರಿಯೆಯಿಲ್ಲದ ವಾಕ್ಯವು ಬರಿಯ ಶಬ್ದವಾಗುವದು. ವಾಕ್ಯವಿಲ್ಲದ ಕ್ರಿಯೆಯು ಅಭ್ಯಾಸಮಾತ್ರವಾಗಿ ಉಳಿಯುವದು. ಇವೆರಡೂ ಕೂಡುವ ಸಂಧಿಯನ್ನು ಒಂದು ವಸ್ತ್ರದ ನಿಮಿತ್ತವಾಗಿ ಶತಶತಮಾನಗಳ ಪರ್ಯಂತ ವಿಚಾರಿಸಿದ ಜನಾಂಗವೊಂದುಂಟು. ಅವರೇ ಯೆಹೂದ್ಯರು. ಪ್ರಾತಃಕಾಲದ ಪ್ರಾರ್ಥನೆಗೆ ಅವರು ಹೊದೆಯುವ ತಲ್ಲೀತ್ ಎಂಬ ಉತ್ತರೀಯ, ಅದನ್ನು ಹೊದೆಯುವಾಗ ನುಡಿಯುವ ಸ್ತುತಿವಾಕ್ಯ, ಆ ವಾಕ್ಯವನ್ನು ಯಾರು, ಯಾವಾಗ, ಎಷ್ಟು ಸಾರಿ ನುಡಿಯತಕ್ಕದ್ದೆಂಬ ನಿರ್ಣಯ, ಇವುಗಳ ಇತಿಹಾಸವನ್ನು ಭಕ್ತವಾಚಕರ ಮುಂದೆ ಸಂಕ್ಷೇಪವಾಗಿ ಇಡುವದೇ ಈ ಲೇಖನದ ಉದ್ದೇಶವು. ಪರಧರ್ಮದ ವಿಚಾರವನ್ನು ಮಹೋತ್ಸವದ ಗ್ರಂಥದಲ್ಲಿ ಏಕೆ ಎತ್ತಬೇಕೆಂದು ಕೆಲವರು ಕೇಳಬಹುದು. ನೆರೆಮನೆಯ ದೀಪವನ್ನು ನೋಡಿದ ಮಾತ್ರಕ್ಕೆ ನಮ್ಮ ಮನೆಯ ದೀಪದ ಬೆಳಕು ಕಡಮೆಯಾಗುವದಿಲ್ಲವೆಂಬುದೇ ಅದಕ್ಕೆ ಉತ್ತರವು.

೧. ವಿಧಿಯ ಮೂಲ

ಯೆಹೂದ್ಯರ ಮೂಲಶಾಸ್ತ್ರವು ಮೋಶೆಯ ಹೆಸರಿನಿಂದ ಪ್ರಸಿದ್ಧವಾದ ಐದು ಗ್ರಂಥಗಳು. ಇವಕ್ಕೆ ತೋರಾ ಎಂದು ಹೆಸರು. ಅವುಗಳಲ್ಲಿ ಅರಣ್ಯಕಾಂಡದ ೧೫ನೆಯ ಅಧ್ಯಾಯದ ಕೊನೆಯಲ್ಲಿ, ಇಸ್ರಾಯೇಲ್ಯರು ತಮ್ಮ ವಸ್ತ್ರದ ಮೂಲೆಗಳಿಗೆ ಗೊಂಡೆಗಳನ್ನು ಕಟ್ಟಿ, ಅವುಗಳಲ್ಲಿ ಒಂದು ನೀಲಿಯ ಎಳೆಯನ್ನು ಸೇರಿಸಿ, ಅದನ್ನು ಕಂಡಾಗ ದೇವರ ಆಜ್ಞೆಗಳನ್ನೆಲ್ಲ ನೆನೆಯತಕ್ಕದ್ದೆಂಬ ವಿಧಿಯಿರುವದು. ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯವು ಆ ಮೂಲೆಗಳು ನಾಲ್ಕೆಂದು ಸ್ಪಷ್ಟಪಡಿಸುವದು. ಈ ಗೊಂಡೆಗೆ ತ್ಸೀತ್ಸೀತ್ ಎಂದು ಹೆಸರು. ಮೂಲೆಯ ರಂಧ್ರದಲ್ಲಿ ನಾಲ್ಕು ಎಳೆಗಳನ್ನು ತೂರಿಸಿ ಮಡಿಸಿದರೆ ಎಂಟಾಗುವವು. ಅವನ್ನು ಸುತ್ತಿ ಐದು ಗಂಟುಗಳನ್ನು ಹಾಕುವರು. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಮೌಲ್ಯವಿರುವದರಿಂದ ತ್ಸೀತ್ಸೀತ್ ಎಂಬ ಶಬ್ದದ ಮೊತ್ತವು ೬೦೦ ಆಗುವದು. ಅದಕ್ಕೆ ಎಂಟು ಎಳೆಗಳೂ ಐದು ಗಂಟುಗಳೂ ಕೂಡಿದರೆ ೬೧೩. ತೋರಾದಲ್ಲಿರುವ ಆಜ್ಞೆಗಳ ಸಂಖ್ಯೆಯೂ ಅವರ ಗಣನೆಯಲ್ಲಿ ೬೧೩ ಆಗಿರುವದು. ಕಟಪಯಾದಿ ಕ್ರಮವನ್ನು ಬಲ್ಲವರಿಗೆ ಈ ಬಗೆಯ ಎಣಿಕೆಯು ಅಪರಿಚಿತವಲ್ಲ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ನಾಲ್ಕು ಮೂಲೆಯ ವಸ್ತ್ರವನ್ನು ಧರಿಸಿದವನಿಗೆ ಗೊಂಡೆಯ ವಿಧಿಯೇ ಹೊರತು, ಅಂಥ ವಸ್ತ್ರವನ್ನು ಧರಿಸದವನಿಗೆ ಇಲ್ಲ, ಇದು ಮೊದಲನೆಯದು. ಗೊಂಡೆಯನ್ನು ಕಟ್ಟೆಂದು ಹೇಳಿದ ಮೂಲಶಾಸ್ತ್ರವು ಹೊದೆಯುವಾಗ ಯಾವ ವಾಕ್ಯವನ್ನಾಗಲಿ ನುಡಿಯೆಂದು ಹೇಳಿಲ್ಲ, ಇದು ಎರಡನೆಯದು. ವಾಕ್ಯವನ್ನು ಕಟ್ಟಿದವರು ರಬ್ಬಿಗಳೆಂಬ ಆಚಾರ್ಯರು. ಆದುದರಿಂದಲೇ ಅದರ ಪ್ರತಿಯೊಂದು ಪದಕ್ಕೂ ಅವರು ತಾವೇ ಹೊಣೆಯಾಗಬೇಕಾಯಿತು.

೨. ವಾಕ್ಯದ ಸ್ವರೂಪ

ಸ್ತುತಿವಾಕ್ಯಕ್ಕೆ ಹೀಬ್ರೂ ಭಾಷೆಯಲ್ಲಿ ಬೆರಾಖಾ ಎಂದು ಹೆಸರು. ಹಣ್ಣನ್ನು ತಿನ್ನುವಾಗ, ಗುಡುಗನ್ನು ಕೇಳಿದಾಗ, ನಿದ್ರೆಯಿಂದ ಎದ್ದಾಗ, ಹೀಗೆ ನಾನಾ ಸಂದರ್ಭಗಳಿಗೆ ನಾನಾ ಬೆರಾಖಾಗಳುಂಟು. ದಿನಕ್ಕೆ ನೂರು ಸ್ತುತಿವಾಕ್ಯಗಳನ್ನು ನುಡಿಯುವದು ಕರ್ತವ್ಯವೆಂದು ರಬ್ಬಿ ಮೇಯೀರ್ ಎಂಬಾತನು ಹೇಳಿದ್ದಾಗಿ ತಾಲ್ಮೂದಿನಲ್ಲಿ ಉಕ್ತವಾಗಿದೆ. ಕ್ರಿ. ಶ. ೨೦೦ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಸ್ಮೃತಿಯ ಮೇಲೆ ಬಾಬಿಲೋನಿನ ವಿದ್ಯಾಪೀಠಗಳಲ್ಲಿ ನಡೆದ ವಾದಗಳ ಮಹಾಸಂಗ್ರಹವೇ ಈ ತಾಲ್ಮೂದು.

ಮೂರನೆಯ ಶತಮಾನದ ಆಚಾರ್ಯನಾದ ರವ್ ಎಂಬಾತನು ದೇವರ ನಾಮವಿಲ್ಲದ ವಾಕ್ಯವು ಸ್ತುತಿವಾಕ್ಯವಲ್ಲವೆಂದನು. ರಬ್ಬಿ ಯೋಹಾನಾನನು ದೇವರ ರಾಜತ್ವವನ್ನೂ ಹೇಳದಿದ್ದರೆ ಸಾಲದೆಂದನು. ಹೀಗೆ ಸಿದ್ಧವಾದ ರೂಪದಲ್ಲಿ ಭಕ್ತನು ದೇವರನ್ನು ವಿಶ್ವದ ಅರಸನೆಂದು ಸಂಬೋಧಿಸಿ, ತನ್ನ ಆಜ್ಞೆಗಳಿಂದ ನಮ್ಮನ್ನು ಪಾವನಗೊಳಿಸಿ ಗೊಂಡೆಯ ವಸ್ತ್ರದಲ್ಲಿ ಸುತ್ತಿಕೊಳ್ಳಲು ನಮಗೆ ಆಜ್ಞಾಪಿಸಿದವನೆಂದು ಆತನನ್ನು ಕೊಂಡಾಡುವನು. ಈ ವಾಕ್ಯದಲ್ಲಿ ‘ನಮಗೆ ಆಜ್ಞಾಪಿಸಿದವನು’ ಎಂಬ ಭಾಗವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ವಿವಾದಗಳ ಬೀಜವು ಅಲ್ಲಿಯೇ ಇರುವದು.

ವಾಕ್ಯವನ್ನು ಯಾವಾಗ ನುಡಿಯಬೇಕು? ಆಜ್ಞೆಯನ್ನು ನಡೆಸುವ ಮೊದಲೇ, ಅದಕ್ಕೆ ಅತಿ ಸಮೀಪವಾಗಿ, ಎಂಬುದು ಶ್ಮೂಎಲ್ ಎಂಬ ಆಚಾರ್ಯನ ಹೆಸರಿನಿಂದ ಬಂದ ಸೂತ್ರವು. ಗೊಂಡೆಯನ್ನು ಕಟ್ಟುವಾಗ ನುಡಿಯಬೇಡವೆ? ಬೇಡ, ಯಾಕಂದರೆ ಕಟ್ಟುವದರಿಂದ ವಿಧಿಯು ಪೂರ್ತಿಯಾಗುವದಿಲ್ಲ, ಹೊದೆಯುವದರಿಂದ ಪೂರ್ತಿಯಾಗುವದು. ನೂಲನ್ನು ನೂತು ಗಂಟು ಹಾಕಿದ ಕೈಗಳ ಶ್ರಮವು ಎಷ್ಟೇ ದೊಡ್ಡದಾದರೂ ವಾಕ್ಯವು ಹೊದೆಯುವ ಭುಜಕ್ಕಾಗಿ ಕಾದಿರುವದು.

ಬಾಬಿಲೋನಿನ ರವ್ ಯೆಹೂದಾ ಎಂಬ ಆಚಾರ್ಯನು ದಿನದಿನವೂ ಬೆಳಿಗ್ಗೆ ಒಂದು ಸಾರಿ ಈ ವಾಕ್ಯವನ್ನು ನುಡಿಯುತ್ತಿದ್ದನು. ಹೊದೆದಾಗಲೆಲ್ಲ ನುಡಿಯಬೇಕೆಂಬ ಪಕ್ಷವನ್ನು ಹಿಡಿದವನು ಬೆಳಿಗ್ಗೆ ಮಾತ್ರ ಏಕೆ ನುಡಿಯುವನು ಎಂದು ಪೂರ್ವಪಕ್ಷವು ಎದ್ದಿತು. ಆತನು ಅತ್ಯಂತ ಲಜ್ಜಾಶೀಲನು, ಬೆಳಿಗ್ಗೆ ಹೊದೆದ ವಸ್ತ್ರವನ್ನು ದಿನವೆಲ್ಲ ಮೈಮೇಲಿಂದ ತೆಗೆಯುತ್ತಿರಲಿಲ್ಲ, ರಾತ್ರಿಯ ಉಡುಪನ್ನು ಬಿಟ್ಟು ಹಗಲಿನ ಉಡುಪನ್ನು ಧರಿಸುವ ಹೊತ್ತಿಗೆ ಮಾತ್ರ ವಾಕ್ಯಕ್ಕೆ ಅವಕಾಶವಿತ್ತು ಎಂಬುದೇ ಸಮಾಧಾನವು. ಒಬ್ಬ ಗುರುವಿನ ನಡತೆಯನ್ನು ಇಷ್ಟು ಹತ್ತಿರದಿಂದ ನೋಡಿ ಅದರಿಂದ ವಿಧಿಯನ್ನು ನಿರ್ಣಯಿಸುವ ಪದ್ಧತಿಯು ಪಾಠಶಾಲೆಯಲ್ಲಿ ಬೆಳೆದ ಎಲ್ಲರಿಗೂ ಹೃದ್ಯವಾಗುವಂಥದು.

೩. ವ್ಯರ್ಥವಾಕ್ಯದ ಭಯ

ದೇವರ ನಾಮವನ್ನು ನಿಷ್ಪ್ರಯೋಜನವಾಗಿ ಎತ್ತಬಾರದೆಂಬುದು ಅವರ ಹತ್ತು ಆಜ್ಞೆಗಳಲ್ಲಿ ಒಂದು. ಹೀಗಿರಲು, ಕ್ರಿಯೆಯು ಸರಿಯಾಗಿ ನಡೆಯದಿದ್ದರೆ ಅದಕ್ಕಾಗಿ ನುಡಿದ ಸ್ತುತಿವಾಕ್ಯವೇ ಅಪರಾಧವಾಗುವದು. ಆದಕಾರಣ ನುಡಿಯಬೇಕೋ ಬೇಡವೋ ಎಂಬ ಸಂಶಯವು ಬಂದಲ್ಲಿ ಸುಮ್ಮನಿರುವದೇ ಲೇಸೆಂದು ಅವರ ಶಾಸ್ತ್ರದ ಸಾಮಾನ್ಯ ನಿಯಮವು. ಈ ಭಯದಿಂದ ಹುಟ್ಟಿದ ನಿಯಮಗಳನ್ನು ಯೋಸೆಫ್ ಕಾರೋ (೧೪೮೮–೧೫೭೫) ಎಂಬ ಪಂಡಿತನು ಗಲಿಲಾಯದ ಸಫೇದ್ ಪಟ್ಟಣದಲ್ಲಿ ರಚಿಸಿದ, ೧೫೬೫ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ‘ಶೂಲ್ಹಾನ್ ಆರೂಖ್’ ಎಂಬ ಧರ್ಮನಿಬಂಧದಲ್ಲಿ ಕ್ರಮವಾಗಿ ಕಾಣಬಹುದು.

ವಾಕ್ಯಕ್ಕೆ ಮೊದಲು ಎಳೆಗಳು ಕಡಿಯದೆ ಇವೆಯೇ ಎಂದು ಪರೀಕ್ಷಿಸತಕ್ಕದ್ದು. ನಿಂತುಕೊಂಡು ನುಡಿದು ಹೊದೆಯತಕ್ಕದ್ದು. ಹಲವು ವಸ್ತ್ರಗಳನ್ನು ಒಂದರ ಮೇಲೊಂದು ಎಡೆಬಿಡದೆ ಧರಿಸಿದರೆ ಒಂದೇ ವಾಕ್ಯವು ಸಾಕು. ಮನೆಯಲ್ಲಿ ಚಿಕ್ಕ ವಸ್ತ್ರವನ್ನು ಧರಿಸಿ ನುಡಿದವನು ಪ್ರಾರ್ಥನಾಮಂದಿರಕ್ಕೆ ನಡೆದುಹೋಗಿ ದೊಡ್ಡದನ್ನು ಹೊದೆದರೆ, ನಡುವಿನ ದಾರಿಯೇ ವಿಚ್ಛೇದವಾಗುವದರಿಂದ ಪುನಃ ನುಡಿಯಬೇಕು. ಹೊದೆದ ವಸ್ತ್ರವು ತಾನಾಗಿ ಜಾರಿ ಪೂರ್ತಿಯಾಗಿ ಕೆಳಗೆ ಬಿದ್ದರೆ ಮತ್ತೆ ನುಡಿಯಬೇಕು. ಸ್ವಲ್ಪವಾದರೂ ಮೈಮೇಲೆ ಉಳಿದಿದ್ದರೆ ಬೇಡ. ಮತ್ತೊಬ್ಬನ ತಲ್ಲೀತನ್ನು ಕೇಳದೆಯೇ ತೆಗೆದುಕೊಂಡು ವಾಕ್ಯವನ್ನು ನುಡಿದು ಪ್ರಾರ್ಥಿಸಬಹುದು, ಮಡಿಕೆಯಲ್ಲಿದ್ದುದನ್ನು ಮಡಿಸಿಯೇ ಇಡಬೇಕು. ತನ್ನ ಸೊತ್ತಿನಿಂದ ಪುಣ್ಯಕಾರ್ಯವು ನಡೆಯಲೆಂದು ಯಾವ ಮನುಷ್ಯನಾದರೂ ಬಯಸುವನೆಂಬುದು ಇದಕ್ಕೆ ಯುಕ್ತಿಯು.

ಗೊಂಡೆಯನ್ನು ನೋಡಬೇಕೆಂದು ಮೂಲಶಾಸ್ತ್ರವು ಹೇಳಿರುವದರಿಂದ ರಾತ್ರಿಯು ಈ ವಿಧಿಗೆ ಕಾಲವಲ್ಲ. ನೀಲಿಗೂ ಬಿಳಿಗೂ ಭೇದವು ಕಾಣುವಷ್ಟು ಬೆಳಕು ಹರಿದ ಮೇಲೆ ವಾಕ್ಯಕ್ಕೆ ಸಮಯವು. ಹಾಗಾದರೆ ಕುರುಡನಿಗೆ ಈ ವಿಧಿಯು ಇಲ್ಲವೋ? ಉಂಟೆಂದೇ ನಿರ್ಣಯವು, ಅವನು ಕಾಣದಿದ್ದರೂ ಅವನ ವಸ್ತ್ರವನ್ನು ಇತರರು ಕಾಣುವರಷ್ಟೆ. ನಿಯಮಗಳ ಈ ದಟ್ಟವಾದ ಅಡವಿಯಲ್ಲಿ ಇಂಥ ಕರುಣೆಯ ತೊರೆಗಳೂ ಹರಿಯುತ್ತಿರುವವು.

೪. ವಸ್ತ್ರವು ಬದಲಾದ ಕಾಲದಲ್ಲಿ

ಪ್ರಾಚೀನರ ಹೊದಿಕೆಯು ನಮ್ಮ ಶಲ್ಯದಂತೆ ಸಹಜವಾಗಿಯೇ ನಾಲ್ಕು ಮೂಲೆಯದಾಗಿತ್ತು. ಕಾಲಾಂತರದಲ್ಲಿ ಹೊಲಿದ ಅಂಗಿಗಳೂ ನಿಲುವಂಗಿಗಳೂ ಬಳಕೆಗೆ ಬಂದವು. ನಾಲ್ಕು ಮೂಲೆಯಿಲ್ಲದ ಉಡುಪಿಗೆ ವಿಧಿಯಿಲ್ಲವಾದುದರಿಂದ, ಯಾರೂ ಆಜ್ಞೆಯನ್ನು ಮೀರದೆಯೇ ಆಜ್ಞೆಯು ಲೋಕದಿಂದ ಮಾಯವಾಗಬಹುದಾಗಿತ್ತು. ತಾಲ್ಮೂದಿನ ಕಥೆಯೊಂದರಲ್ಲಿ ರವ್ ಕಟೀನಾ ಎಂಬಾತನು ಬೇಸಗೆಗೂ ಚಳಿಗಾಲಕ್ಕೂ ಗೊಂಡೆಯ ಋಣವಿಲ್ಲದ ಉಡುಪುಗಳನ್ನೇ ಧರಿಸಿದ್ದನು. ಹಾಗಾದರೆ ಗೊಂಡೆಯ ಗತಿಯೇನೆಂದು ದೇವದೂತನೊಬ್ಬನು ಅವನನ್ನು ಆಕ್ಷೇಪಿಸಿದನು. ಈ ಆಕ್ಷೇಪಣೆಯು ಜನರ ಹೃದಯಕ್ಕೆ ತಾಗಿತು. ಪ್ರಾರ್ಥನೆಗೋಸ್ಕರವೇ ಒಂದು ನಾಲ್ಕು ಮೂಲೆಯ ಉತ್ತರೀಯವನ್ನು ಇಟ್ಟುಕೊಂಡರು. ಅಂಗಿಯ ಒಳಗೆ ದಿನವೆಲ್ಲ ಧರಿಸಲು ನಡುವೆ ಕತ್ತು ತೂರಿಸುವ ರಂಧ್ರವುಳ್ಳ ಚಿಕ್ಕ ವಸ್ತ್ರವೊಂದನ್ನೂ ಮಾಡಿಕೊಂಡರು. ವಿಧಿಯಿಂದ ತಪ್ಪಿಸಿಕೊಳ್ಳಲು ದಾರಿಯು ತೆರೆದಿದ್ದರೂ, ವಿಧಿಗೆ ಒಳಪಡುವದಕ್ಕಾಗಿಯೇ ವಸ್ತ್ರವನ್ನು ಹೊಲಿಸಿದ ಈ ನಡತೆಯು ಈ ಇತಿಹಾಸದಲ್ಲಿ ಅತ್ಯಂತ ಶ್ಲಾಘ್ಯವಾದ ಭಾಗವೆಂದು ನಮ್ಮ ಅಭಿಪ್ರಾಯವು.

ಆದರೆ ಹೊಸ ವಸ್ತ್ರದೊಡನೆ ಹೊಸ ಸಂಶಯವೂ ಬಂದಿತು. ವಾಕ್ಯವು ಸುತ್ತಿಕೊಳ್ಳುವದನ್ನು ಹೇಳುವದು. ಚಿಕ್ಕ ವಸ್ತ್ರವನ್ನಾದರೋ ಸುತ್ತಿಕೊಳ್ಳುವದಿಲ್ಲ, ತೊಡುವರು. ಮಾಡದ ಕ್ರಿಯೆಯನ್ನು ಮಾಡುವೆನೆಂದು ಹೇಳಬಹುದೆ? ಕಾರೋ ಪಂಡಿತನು ಅದೇ ವಾಕ್ಯವು ಸಲ್ಲುವದೆಂದನು. ಕ್ರಾಕೋ ನಗರದ ಮೋಶೆ ಇಸ್ಸೆರ್ಲೆಸ್ ಎಂಬ ಪಂಡಿತನು ತನ್ನ ಟಿಪ್ಪಣಿಯಲ್ಲಿ, ಗೊಂಡೆಯ ಆಜ್ಞೆಯ ವಿಷಯವಾಗಿ ಎಂಬ ಬೇರೆ ಮುಕ್ತಾಯವನ್ನು ನುಡಿಯುವದೇ ತಮ್ಮವರ ರೂಢಿಯೆಂದು ಬರೆದನು. ಒಂದೇ ಕ್ರಿಯಾಪದಕ್ಕಾಗಿ ಇಷ್ಟು ವಿಚಾರವೇ ಎಂದು ನಗಬಾರದು. ನುಡಿಯು ನಡೆಗಿಂತ ಒಂದು ಅಂಗುಲವೂ ಮುಂದೆ ಹೋಗಬಾರದೆಂಬ ಕಾಳಜಿಯೇ ಇದರ ಹುರುಳು.

ನೀಲಿಯ ಎಳೆಯದೂ ಇಂಥದೇ ಕಥೆ. ನೀಲಿಯು ಕಡಲನ್ನೂ, ಕಡಲು ಆಕಾಶವನ್ನೂ, ಆಕಾಶವು ದೇವರ ಸಿಂಹಾಸನವನ್ನೂ ಹೋಲುವದೆಂದು ರಬ್ಬಿ ಮೇಯೀರನು ವರ್ಣಿಸಿದ್ದನು. ಆ ಬಣ್ಣವು ಒಂದು ಕಡಲ ಪ್ರಾಣಿಯಿಂದ ದೊರೆಯುತ್ತಿತ್ತು. ಅರಬ್ಬರ ರಾಜ್ಯವು ಹಬ್ಬಿದ ತರುವಾಯದ ಶತಮಾನಗಳಲ್ಲಿ ಅದನ್ನು ಮಾಡುವ ವಿದ್ಯೆಯು ಯೆಹೂದ್ಯರಲ್ಲಿ ಲುಪ್ತವಾಯಿತು. ನೀಲಿಯಿಲ್ಲದಿದ್ದರೂ ಬಿಳಿಯ ಎಳೆಗಳು ಸಲ್ಲುವವೆಂದು ಮಿಶ್ನಾ ಮೊದಲೇ ವಿಧಿಸಿದ್ದರಿಂದ ಸ್ತುತಿವಾಕ್ಯವು ನಿಲ್ಲಲಿಲ್ಲ. ಮುಂದೆ ಇಸ್ರೇಲ್ ದೇಶದ ಮುಖ್ಯ ರಬ್ಬಿಯಾದ ಇಸಾಕ್ ಹೆರ್ಟ್ಸೋಗರು ೧೯೧೩ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಈ ಬಣ್ಣದ ವಿಷಯವಾಗಿಯೇ ಪ್ರಬಂಧವನ್ನು ಬರೆದರು. ಈಗ ಮುರೆಕ್ಸ್ ಎಂಬ ಕಡಲ ಶಂಖದ ಹುಳುವಿನಿಂದ ಬಣ್ಣವನ್ನು ತೆಗೆದು ನೀಲಿಯ ಎಳೆಯನ್ನು ಕಟ್ಟುವವರೂ ಇದ್ದಾರೆ.

೫. ಅಧಿಕಾರದ ಪ್ರಶ್ನೆ

ಇನ್ನು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆಗೆ ಬರುವೆವು. ಕಾಲನಿಯತವಾದ ವಿಧಿಗಳಿಂದ ಸ್ತ್ರೀಯರಿಗೆ ವಿನಾಯಿತಿಯುಂಟೆಂಬುದು ಅವರ ಶಾಸ್ತ್ರದ ಸಾಮಾನ್ಯ ನಿಯಮವು. ತಲ್ಲೀತು ಹಗಲಿನ ವಿಧಿಯಾದುದರಿಂದ ಇದೂ ಅದರೊಳಗೆ ಸೇರಿತು. ಆದರೂ ತಾಲ್ಮೂದಿನ ಕಾಲದಲ್ಲಿಯೇ ಮತಭೇದವಿತ್ತು. ಮೇಲೆ ಹೇಳಿದ ರವ್ ಯೆಹೂದಾ ತನ್ನ ಪತ್ನಿಯ ವಸ್ತ್ರಕ್ಕೂ ಗೊಂಡೆಯನ್ನು ಕಟ್ಟಿಸಿದ್ದನು. ವಿಧಿಯಿಲ್ಲದ ಸ್ತ್ರೀಯು ತಾನಾಗಿ ಇಚ್ಛಿಸಿ ಹೊದೆದರೆ, ‘ನಮಗೆ ಆಜ್ಞಾಪಿಸಿದವನು’ ಎಂಬ ವಾಕ್ಯವನ್ನು ನುಡಿಯಬಹುದೋ?

ಐಗುಪ್ತದಲ್ಲಿ ನೆಲೆಸಿದ್ದ ಮಹಾಪಂಡಿತನಾದ ಮೈಮೊನಿದೆಸ್ (೧೧೩೮–೧೨೦೪) ಹೊದೆಯಬಹುದು, ವಾಕ್ಯವನ್ನು ನುಡಿಯಕೂಡದು ಎಂದನು. ಆಜ್ಞೆಯಿಲ್ಲದವರು ಆಜ್ಞೆಯುಂಟೆಂದರೆ ಅದು ಸತ್ಯವಾಗುವದೆಂತು ಎಂಬುದು ಈ ಪಕ್ಷದ ಹೃದಯವು. ಫ್ರಾನ್ಸ್ ದೇಶದ ರಬ್ಬೇನು ತಾಮ್ (ಮರಣ ೧೧೭೧) ಎಂಬ ಆಚಾರ್ಯನು, ಇಂಥ ವಿಧಿಗಳನ್ನು ಇಚ್ಛೆಯಿಂದ ಕೈಕೊಂಡ ಸ್ತ್ರೀಯರು ವಾಕ್ಯವನ್ನೂ ನುಡಿಯಬಹುದೆಂದನು. ಇಸ್ಸೆರ್ಲೆಸನು ಈ ಎರಡನೆಯ ಪಕ್ಷವನ್ನು ಒಪ್ಪಿಯೂ, ತಲ್ಲೀತಿನ ವಿಷಯದಲ್ಲಿ ಅದು ಆಡಂಬರದಂತೆ ತೋರುವದರಿಂದ ಬೇಡವೆಂದನು. ಹೀಗೆ ಶಾಸ್ತ್ರವು ಬಾಗಿಲನ್ನು ತೆರೆದರೂ ರೂಢಿಯು ಅದನ್ನು ಮುಚ್ಚಿತು.

ಮುಚ್ಚಿದ ಬಾಗಿಲನ್ನು ಇಪ್ಪತ್ತನೆಯ ಶತಮಾನದ ಸ್ತ್ರೀಯರು ಪುನಃ ತಟ್ಟಿದರು. ೧೯೮೮ರ ಡಿಸೆಂಬರದಲ್ಲಿ ಯೆರೂಸಲೇಮಿನ ಪಶ್ಚಿಮದ ಗೋಡೆಯ ಬಳಿ ಸ್ತ್ರೀಯರ ಒಂದು ಸಮೂಹವು ಕೂಡಿ ಪ್ರಾರ್ಥಿಸಿತು. ಅಂದಿನಿಂದ ಈ ವಿವಾದವು ನ್ಯಾಯಾಲಯಗಳನ್ನೂ ಮುಟ್ಟಿತು. ೨೦೦೯ರಲ್ಲಿ ಅಲ್ಲಿ ತಲ್ಲೀತನ್ನು ಹೊದೆದ ಸ್ತ್ರೀಯೊಬ್ಬಳನ್ನು ಪೊಲೀಸರು ಹಿಡಿದರು. ೨೦೧೩ರ ಏಪ್ರಿಲ್ ತಿಂಗಳಲ್ಲಿ ಯೆರೂಸಲೇಮಿನ ಜಿಲ್ಲಾ ನ್ಯಾಯಾಲಯವು ಇಂಥ ಪ್ರಾರ್ಥನೆಯಿಂದ ಸ್ಥಳದ ರೂಢಿಗೆ ಭಂಗವಿಲ್ಲವೆಂದು ತೀರ್ಪಿತ್ತಿತು. ಸಂಪ್ರದಾಯನಿಷ್ಠರಾದ ಅನೇಕರು ಇದನ್ನು ಇನ್ನೂ ಒಪ್ಪಿಲ್ಲ. ಉಭಯ ಪಕ್ಷಗಳೂ ವಾಕ್ಯವನ್ನು ಹಗುರವಾಗಿ ಎಣಿಸಿಲ್ಲವೆಂಬುದು ಗಮನಾರ್ಹವು. ಹಗುರವಾಗಿ ಎಣಿಸಿದ್ದರೆ ಒಬ್ಬರು ಅದನ್ನು ನುಡಿಯಲು ಇಷ್ಟು ಕಷ್ಟಪಡುತ್ತಿರಲಿಲ್ಲ. ಮತ್ತೊಬ್ಬರು ತಡೆಯಲು ಇಷ್ಟು ಹೆಣಗುತ್ತಿರಲಿಲ್ಲ.

೬. ನಮ್ಮ ಕರಾವಳಿಯ ಸ್ಮರಣೆ

ಮೈಮೊನಿದೆಸನ ತಮ್ಮನಾದ ದಾವೀದನು ವ್ಯಾಪಾರಕ್ಕಾಗಿ ಹಿಂದೂ ಮಹಾಸಾಗರದಲ್ಲಿ ಹೋಗುತ್ತಿರಲು ಹಡಗು ಮುಳುಗಿ ಮಡಿದನು. ಆ ದುಃಖದಿಂದ ಅಣ್ಣನು ಬಹುಕಾಲ ಹಾಸಿಗೆ ಹಿಡಿದನು. ಅದೇ ಶತಮಾನದಲ್ಲಿ ಟ್ಯುನಿಸಿಯದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ೧೧೩೨ರಿಂದ ೧೧೪೯ರ ವರೆಗಿನ ಕಾಲದ ಬಹುಭಾಗವನ್ನು ನಮ್ಮ ಮಂಗಳೂರಿನಲ್ಲಿ ಕಳೆದನು. ಅವನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಪತ್ರಕೋಣೆಯಲ್ಲಿ ಉಳಿದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಆತನು ತನ್ನ ಧರ್ಮಶಾಸ್ತ್ರದಲ್ಲಿಯೂ ಪರಿಶ್ರಮವುಳ್ಳವನಾಗಿದ್ದನು. ನೇತ್ರಾವತಿಯ ತೀರದಲ್ಲಿ ಬೆಳಕು ಹರಿಯುವಾಗ ಈ ಸ್ತುತಿವಾಕ್ಯವು ಅವನ ಬಾಯಿಂದ ಹೊರಟಿರಬಹುದೆಂದು ಊಹಿಸಿದರೆ ತಪ್ಪಾಗಲಾರದು.

ಕೊನೆಗೊಂದು ಮಾತು. ಸ್ಮಶಾನಕ್ಕೆ ಹೋಗುವಾಗ ಗೊಂಡೆಗಳು ಹೊರಗೆ ಕಾಣದಂತೆ ಅಡಗಿಸಬೇಕೆಂದು ಯೆಹೂದ್ಯರ ನಿಯಮವು. ಸತ್ತವರು ಇನ್ನು ಯಾವ ಆಜ್ಞೆಯನ್ನೂ ನಡೆಸಲಾರರು; ಅವರ ಮುಂದೆ ನಡೆಸುವವನು ಮೆರೆದರೆ ಅದು ಬಡವನನ್ನು ಹಾಸ್ಯ ಮಾಡಿದಂತಾಗುವದು. ಸತ್ತವನಿಗೂ ತಲ್ಲೀತನ್ನು ಹೊದಿಸಿ ಹೂಳುವ ರೂಢಿಯುಂಟು; ಆಗ ಒಂದು ಗೊಂಡೆಯನ್ನು ಕತ್ತರಿಸಿ ತೆಗೆಯುವರು. ಆ ಹೊದಿಕೆಗೆ ಸ್ತುತಿವಾಕ್ಯವಿಲ್ಲ. ನುಡಿಯುವ ಬಾಯಿಯೂ ನಡೆಸುವ ಕೈಯೂ ಇರುವ ವರೆಗೆ ಮಾತ್ರ ಆ ಭಾಗ್ಯವು. ಆದುದರಿಂದ ಭಕ್ತವಾಚಕರೇ, ದೊರೆತ ಪ್ರತಿಯೊಂದು ಪ್ರಾತಃಕಾಲವನ್ನೂ ವ್ಯರ್ಥವಾಕ್ಯದಿಂದ ಕೆಡಿಸದೆ, ನಡೆಗೆ ತಕ್ಕ ನುಡಿಯಿಂದ ಸಾರ್ಥಕಗೊಳಿಸುವ ಬುದ್ಧಿಯು ಸಕಲರಿಗೂ ಉಂಟಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.