ಚೆಂಡು ಎಲ್ಲಿದೆ? ಕ್ಯಾಮೆರಾ ಎಲ್ಲಿದೆ?
ದೂರದರ್ಶನದ ಪರದೆಯ ಮೇಲೆ ಹಾಕಿಯ ಚರಿತ್ರೆ



ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯ ತೇರನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಮನೆಯ ಮಹಡಿಯ ಮೇಲೆ ನಿಂತವರಿಗೆ ತೇರು ಯಾವ ಕಡೆ ತಿರುಗುತ್ತಿದೆ, ಜನ ಎಲ್ಲಿ ಒತ್ತರಿಸಿದ್ದಾರೆ ಎಂಬುದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆದರೆ ತೇರು ಆಮೆಯಂತೆ ನಿಧಾನವಾಗಿ ತೆವಳುತ್ತದೆ. ಕೆಳಗೆ ಹಗ್ಗ ಹಿಡಿದವನಿಗೋ ಅದೇ ತೇರು ಮೈಮೇಲೆ ಬಂದಂತೆ ಭಾಸವಾಗುತ್ತದೆ. ಆದರೆ ಮುಂದಿನ ತಿರುವು ಅವನಿಗೆ ಕಾಣುವುದಿಲ್ಲ. ಗುಂಡ್ಲುಪೇಟೆಯ ಕಡೆಯವರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿಂದ ದೂರದ ಆನೆ ಹಿಂಡನ್ನು ನೋಡಿದ್ದರೆ ಅವರಿಗೂ ಇದೇ ಅನುಭವವಾಗಿರುತ್ತದೆ. ನೋಟ ಒಂದೇ, ನಿಂತ ಜಾಗ ಬೇರೆ.

ದೂರದರ್ಶನದಲ್ಲಿ ಹಾಕಿ ಪಂದ್ಯವನ್ನು ನೋಡುವಾಗ ನಮ್ಮ ಪರವಾಗಿ ನಿಲ್ಲುವ ಜಾಗವನ್ನು ಆರಿಸುವವರು ಬೇರೆಯವರು. ಆ ಆಯ್ಕೆ ಹೇಗೆ ಬೆಳೆದು ಬಂತು, ಅದರಿಂದ ನಮಗೆ ಏನು ಕಂಡಿತು, ಏನು ಮರೆಯಾಯಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಸ್ವಲ್ಪ ಲೆಕ್ಕ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. ಚೆಂಡಿನ ವ್ಯಾಸ ಸುಮಾರು 7.3 ಸೆಂಟಿಮೀಟರ್. ಹಳೆಯ ದೂರದರ್ಶನದ ಚಿತ್ರದ ಅಗಲವನ್ನು ಸುಮಾರು 720 ಚುಕ್ಕಿಗಳೆಂದು ಇಟ್ಟುಕೊಳ್ಳಿ. ಮೈದಾನದ ಅರ್ಧ, ಅಂದರೆ 45 ಮೀಟರ್, ಪರದೆಯ ತುಂಬ ಕಾಣುವಂತೆ ಮಾಡಿದರೆ ಒಂದೊಂದು ಚುಕ್ಕಿಯ ಪಾಲಿಗೆ 6.25 ಸೆಂಟಿಮೀಟರ್ ಬರುತ್ತದೆ. ಅಂದರೆ ಚೆಂಡು ಹೆಚ್ಚುಕಡಿಮೆ ಒಂದೇ ಒಂದು ಚುಕ್ಕಿ! ಜೊತೆಗೆ ವೇಗದ ಪ್ರಶ್ನೆಯೂ ಇದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುವ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದು ಚಿತ್ರದಿಂದ ಇನ್ನೊಂದಕ್ಕೆ ಚೆಂಡು ಒಂದು ಮೀಟರಿಗೂ ಹೆಚ್ಚು ದೂರ ಜಿಗಿದಿರುತ್ತದೆ. ಹಾಕಿಯನ್ನು ಟಿ.ವಿ.ಯಲ್ಲಿ ನೋಡುವುದು ಕಷ್ಟ ಎಂದು ಹಿಂದೆ ಎಲ್ಲರೂ ಹೇಳುತ್ತಿದ್ದ ಮಾತಿಗೆ ಕಾರಣ ಈ ಲೆಕ್ಕದಲ್ಲಿದೆ.

ಹಾಗಾದರೆ ಕ್ಯಾಮೆರಾವನ್ನು ಹತ್ತಿರಕ್ಕೆ ತರಬಾರದೇ? ತರಬಹುದು. ಆಗ ಚೆಂಡು ಕಾಣುತ್ತದೆ, ಆದರೆ ಆಟ ಕಾಣುವುದಿಲ್ಲ. ಚೆಂಡು ಯಾರ ಕಡೆಗೆ ಹೋಗುತ್ತಿದೆ, ಯಾವ ಆಟಗಾರ ಕಾವಲಿಲ್ಲದೆ ನಿಂತಿದ್ದಾನೆ ಎಂಬುದು ಚೌಕಟ್ಟಿನ ಹೊರಗೆ ಉಳಿಯುತ್ತದೆ. ಈ ಇಕ್ಕಟ್ಟಿನಿಂದಲೇ ಒಂದು ಸಂಪ್ರದಾಯ ಹುಟ್ಟಿತು. ಮುಖ್ಯ ಕ್ಯಾಮೆರಾ ಮೈದಾನದ ನಡುಗೆರೆಯ ನೇರಕ್ಕೆ, ಪ್ರೇಕ್ಷಕರ ಗ್ಯಾಲರಿಯ ಎತ್ತರದಲ್ಲಿ ನಿಲ್ಲುತ್ತದೆ. ಆಟವನ್ನು ತೋರಿಸುವ ಉಳಿದ ಕ್ಯಾಮೆರಾಗಳೂ ಸಾಮಾನ್ಯವಾಗಿ ಅದೇ ಬದಿಯಲ್ಲಿರುತ್ತವೆ. ಎದುರು ಬದಿಯಿಂದ ತೋರಿಸಿದರೆ ಎಡದಿಂದ ಬಲಕ್ಕೆ ಓಡುತ್ತಿದ್ದ ತಂಡ ಒಮ್ಮೆಲೇ ಬಲದಿಂದ ಎಡಕ್ಕೆ ಓಡಿದಂತೆ ಕಂಡು ನೋಡುವವರಿಗೆ ಗೊಂದಲವಾಗುತ್ತದೆ.

ಕೆಳಗಿನ ಕೋನಕ್ಕೂ ತನ್ನದೇ ಚರಿತ್ರೆಯಿದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಭಾರತ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿತು. ಅದೇ ಕೂಟವನ್ನು ಚಿತ್ರೀಕರಿಸಿದ ಲೆನಿ ರೀಫೆನ್‌ಸ್ಟಾಲ್ ಅವರ ತಂಡ ಕ್ರೀಡಾಂಗಣದಲ್ಲಿ ಗುಂಡಿ ತೋಡಿ, ಅದರೊಳಗೆ ಕ್ಯಾಮೆರಾ ಇಟ್ಟು, ಕ್ರೀಡಾಪಟುಗಳನ್ನು ಆಕಾಶದ ಹಿನ್ನೆಲೆಯಲ್ಲಿ ತೋರಿಸಿತು. ಕೆಳಗಿನಿಂದ ನೋಡಿದರೆ ಮನುಷ್ಯ ದೇವತೆಯಂತೆ ದೊಡ್ಡವನಾಗಿ ಕಾಣುತ್ತಾನೆ. ನಾಜಿ ಆಡಳಿತಕ್ಕೆ ಬೇಕಾಗಿದ್ದುದೂ ಇಂಥ ನೋಟವೇ. ಕೋನವೆಂಬುದು ಕೇವಲ ಅನುಕೂಲದ ಮಾತಲ್ಲ, ಅದರಲ್ಲಿ ಒಂದು ಅಭಿಪ್ರಾಯವೂ ಅಡಗಿರುತ್ತದೆ ಎಂಬುದನ್ನು ಇದರಿಂದ ಅರಿಯಬಹುದು.

ಇನ್ನು 1975ಕ್ಕೆ ಬರೋಣ. ಮಾರ್ಚ್ 15ರಂದು ಕೌಲಾಲಂಪುರದಲ್ಲಿ ವಿಶ್ವಕಪ್ ಫೈನಲ್. ಪಾಕಿಸ್ತಾನದ ವಿರುದ್ಧ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬದ ಮೂಲೆಗೆ ತಗುಲಿ ಹೊರಕ್ಕೆ ಪುಟಿಯಿತು. ಅಂಪೈರ್ ಗೋಲು ಎಂದರು. ಪಾಕಿಸ್ತಾನದ ಆಟಗಾರರು ಒಪ್ಪಲಿಲ್ಲ. ಭಾರತ 2-1ರಿಂದ ಗೆದ್ದಿತು. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಕರ್ನಾಟಕದಲ್ಲಿ ಆಗ ದೂರದರ್ಶನ ಕೇಂದ್ರವಿರಲಿಲ್ಲ. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್‌ನಲ್ಲಿ. ನಮ್ಮ ಹಿರಿಯರು ಆ ಗೋಲನ್ನು ಆಕಾಶವಾಣಿಯಲ್ಲಿ ಕೇಳಿದರೇ ಹೊರತು ನೋಡಲಿಲ್ಲ. ಚೆಂಡು ಗೆರೆ ದಾಟಿತೇ ಎಂಬುದನ್ನು ತಿಳಿಯಲು ಗೋಲುಗೆರೆಯ ನೇರಕ್ಕೆ ಒಂದು ಕಣ್ಣು ಬೇಕು. ಮುಂದೆ ಹಾಕಿಗೆ ವಿಡಿಯೋ ಅಂಪೈರ್ ಬಂದಾಗ ಈ ಕೋನ ನ್ಯಾಯ ನಿರ್ಣಯದ ಸಾಧನವೇ ಆಯಿತು.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ದೇಶಕ್ಕೆ ಬಣ್ಣದ ದೂರದರ್ಶನ ಬಂತು. ಡಿಸೆಂಬರ್ 1ರಂದು ನಡೆದ ಹಾಕಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 1-7ರಿಂದ ಸೋತಿತು. ಆ ನೋವು ಒಬ್ಬ ವ್ಯಕ್ತಿಯ ತಲೆಯ ಮೇಲೆ ಬಿತ್ತು. ಅವರು ಗೋಲ್‌ಕೀಪರ್ ಮೀರ್ ರಂಜನ್ ನೇಗಿ. ಅವರು ದೇಶಕ್ಕೆ ದ್ರೋಹ ಬಗೆದರೆಂಬ ನಿರಾಧಾರ ನಿಂದೆ ವರ್ಷಗಟ್ಟಲೆ ಅವರನ್ನು ಬೆನ್ನಟ್ಟಿತು.

ಈ ನಿಂದೆಗೆ ಕ್ಯಾಮೆರಾ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ದೃಶ್ಯಗಳನ್ನು ಆರಿಸುವ ವೃತ್ತಿಯಲ್ಲಿರುವ ನನಗೆ ಒಂದು ಮಾತು ಗೊತ್ತು. ಗೋಲಿನ ಸಮೀಪದ ಚಿತ್ರದಲ್ಲಿ ತಪ್ಪಿತಸ್ಥನಂತೆ ಕಾಣುವವನು ಯಾವಾಗಲೂ ಗೋಲ್‌ಕೀಪರ್ ಒಬ್ಬನೇ. ಐದು ಸೆಕೆಂಡು ಮೊದಲು ಮಧ್ಯಮೈದಾನದಲ್ಲಿ ಚೆಂಡು ಕಳೆದುಕೊಂಡವನು, ಎದುರಾಳಿಯನ್ನು ಓಡಲು ಬಿಟ್ಟವನು ಆ ಚೌಕಟ್ಟಿನಲ್ಲಿ ಇರುವುದೇ ಇಲ್ಲ. ಏಳು ಗೋಲುಗಳನ್ನು ಸಮೀಪದಿಂದ ನೋಡಿದರೆ ಒಬ್ಬ ಮನುಷ್ಯನ ಏಳು ಸೋಲುಗಳು ಕಾಣುತ್ತವೆ. ಎತ್ತರದಿಂದ ನೋಡಿದರೆ ಹನ್ನೊಂದು ಜನರ ಒಂದು ಸೋಲು ಕಾಣುತ್ತದೆ.

ನೇಗಿಯವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಕ್ಕೆ ಅವರು ಭಾರತ ತಂಡದ ಗೋಲ್‌ಕೀಪಿಂಗ್ ತರಬೇತುದಾರರಾಗಿದ್ದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್ ತಲುಪಿದಾಗ ಗೋಲಿನ ಮುಂದೆ ನಿಂತವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಭಾರತ ಚಿನ್ನ ಗೆದ್ದಿತು. ಹದಿನಾರು ವರ್ಷಗಳ ಹಿಂದೆ ಗೋಲ್‌ಕೀಪರನನ್ನು ಒಂಟಿಯಾಗಿಸಿದ ಸಮೀಪದ ಕೋನ ಈ ಸಲ ಗೋಲ್‌ಕೀಪರನನ್ನೇ ವೀರನನ್ನಾಗಿ ಮಾಡಿತು.

ಕ್ಯಾಮೆರಾ ಆಟಕ್ಕೆ ಹೊಂದಿಕೊಂಡಂತೆ ಆಟವೂ ಕ್ಯಾಮೆರಾಕ್ಕೆ ಹೊಂದಿಕೊಂಡಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದು ಚೆಂಡಿನ ಓಟ ಸಮನಾಯಿತು, ವೇಗ ಹೆಚ್ಚಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಾಸು ನೀಲಿಯಾಯಿತು, ಚೆಂಡು ಹಳದಿಯಾಯಿತು. ಪ್ರೇಕ್ಷಕರಿಗೂ ಟಿ.ವಿ. ನೋಡುವವರಿಗೂ ಚೆಂಡು ಎದ್ದು ಕಾಣಲಿ ಎಂಬುದೇ ಉದ್ದೇಶ. ಈಗಿನ ಹೈ ಡೆಫಿನಿಷನ್ ಚಿತ್ರದ ಅಗಲ 1920 ಚುಕ್ಕಿಗಳು. ಮೊದಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ಚೆಂಡಿಗೆ ಸುಮಾರು ಮೂರು ಚುಕ್ಕಿಗಳ ಅಗಲ ದೊರೆಯುತ್ತದೆ. ಎತ್ತರದ ಕೋನದಲ್ಲಿ ಆಟದ ಜೊತೆಗೆ ಚೆಂಡೂ ಕಾಣುವ ಕಾಲ ಹೀಗೆ ಬಂತು.

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದ ಪಂದ್ಯ ನಿಮಗೆ ನೆನಪಿರಬಹುದು. 1980ರ ಮಾಸ್ಕೋ ಚಿನ್ನದ ನಂತರ ಒಲಿಂಪಿಕ್ ಹಾಕಿಯಲ್ಲಿ ನಮಗೆ ದೊರೆತ ಮೊದಲ ಪದಕ ಅದು. ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಗೋಲಿನಲ್ಲಿ ಶ್ರೀಜೇಶ್. ಇಂಥ ಹೊತ್ತಿನಲ್ಲಿ ಗೋಲಿನ ಹಿಂದಿನ ಕ್ಯಾಮೆರಾಕ್ಕೆ ಸಾಟಿಯಿಲ್ಲ. ಹೊಡೆಯುವವನ ಕೋಲು, ಓಡಿ ಬರುವ ರಕ್ಷಕರು, ಚೆಂಡಿನ ದಾರಿ ಎಲ್ಲವೂ ಅಲ್ಲಿಂದ ಕಾಣುತ್ತವೆ. ಆದರೆ ಅದೇ ಕೋನದಲ್ಲಿ ದೂರಗಳು ಕುಗ್ಗಿದಂತೆ ತೋರುತ್ತವೆ. ಹೊಡೆತ 14.63 ಮೀಟರಿನ ವೃತ್ತದ ಒಳಗಿನಿಂದ ಬಂತೇ ಹೊರಗಿನಿಂದ ಬಂತೇ ಎಂದು ಹೇಳಲು ಪಕ್ಕದ ನೋಟವೇ ಬೇಕು.

ಯಾವ ಕೋನ ಶ್ರೇಷ್ಠ ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ: ಆಟವನ್ನು ಅರಿಯಲು ಎತ್ತರ, ವೇಗವನ್ನು ಅರಿಯಲು ಹತ್ತಿರ, ನ್ಯಾಯವನ್ನು ಅರಿಯಲು ಗೆರೆಯ ನೇರ. ಯಾವ ಒಂದು ಕೋನದಿಂದಲೂ ಯಾರ ಮೇಲೂ ತೀರ್ಪು ಕೊಡಬೇಡಿ.

ಕೊನೆಯದಾಗಿ ಒಂದು ಸಣ್ಣ ಪ್ರಯೋಗ. ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದಲ್ಲೋ ಗುಂಡ್ಲುಪೇಟೆಯ ನಿಮ್ಮ ಶಾಲೆ, ಕಾಲೇಜಿನ ಬಯಲಿನಲ್ಲೋ ಯಾವುದೇ ಆಟ ನಡೆಯುವಾಗ ಹತ್ತು ನಿಮಿಷ ಎತ್ತರದ ಜಾಗದಲ್ಲಿ ಕುಳಿತು ನೋಡಿ. ಇನ್ನು ಹತ್ತು ನಿಮಿಷ ಗೆರೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನೋಡಿ. ಕಂಡದ್ದನ್ನು ಎರಡು ಬೇರೆ ಹಾಳೆಗಳಲ್ಲಿ ಬರೆಯಿರಿ. ಎರಡು ವರದಿಗಳು ಎಷ್ಟು ಬೇರೆಯಾಗಿವೆ ಎಂಬುದನ್ನು ಗೆಳೆಯರೊಂದಿಗೆ ಚರ್ಚಿಸಿ. ಆಮೇಲೆ ಟಿ.ವಿ.ಯ ಮುಂದೆ ಕುಳಿತಾಗ ಚೆಂಡು ಎಲ್ಲಿದೆ ಎಂದು ಹುಡುಕುವುದರ ಜೊತೆಗೆ ಕ್ಯಾಮೆರಾ ಎಲ್ಲಿದೆ ಎಂದೂ ಕೇಳಿಕೊಳ್ಳುವಿರಿ.