ಪಿಂಗಾಣಿಯ ಮೇಲೊಂದು ಕಪ್ಪು ಕಲೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಇಲಿ ಪಾಷಾಣ ಸುಲಭವಾಗಿ ಸಿಗುತ್ತಿತ್ತು. ಸಕ್ಕರೆಯಂಥ ಬಿಳಿ ಪುಡಿ. ತಿಂದವರಿಗೆ ವಾಂತಿ, ಭೇದಿ. ಸತ್ತರೆ ಕಾಲರಾ ಎಂದುಬಿಡಬಹುದಿತ್ತು. ಅಡುಗೆಮನೆ ಹೆಂಗಸರ ಕೈಯಲ್ಲಿದ್ದುದರಿಂದ ಅನುಮಾನದ ಬೆರಳು ಅತ್ತ ತಿರುಗುವುದೂ ಸುಲಭವೇ.

ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞ ಒಂದು ಮೊಕದ್ದಮೆಗಾಗಿ ಕಾಫಿಯಲ್ಲಿ ಪಾಷಾಣ ಹುಡುಕಿದ. ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದಾಗ ಹಳದಿ ಪ್ರಕ್ಷೇಪವೇನೋ ಬಂತು. (ನಾನು ಇತಿಹಾಸದ ಮೇಷ್ಟರಮ್ಮ, ಆದರೂ ಪಕ್ಕದ ಪ್ರಯೋಗಶಾಲೆಯಿಂದ ಬರುತ್ತಿದ್ದ ಈ ಅನಿಲದ ಕೊಳೆತ ಮೊಟ್ಟೆಯ ವಾಸನೆಯನ್ನು ಮರೆಯಲಾರೆ.) ಜ್ಯೂರಿಯ ಮುಂದಿಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು, ಆರೋಪಿ ಬಿಡುಗಡೆಯಾದ. ಮಾರ್ಷ್ ಸುಮ್ಮನಾಗಲಿಲ್ಲ. 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಅನುಮಾನದ ವಸ್ತುವಿಗೆ ಸತುವಿನ ಚೂರು, ಗಂಧಕಾಮ್ಲ ಸೇರಿಸಿ, ಹೊರಬರುವ ಅನಿಲವನ್ನು ಉರಿಸಿ, ಜ್ವಾಲೆಗೆ ತಣ್ಣನೆಯ ಪಿಂಗಾಣಿ ಹಿಡಿಯುವುದು. ಪಾಷಾಣವಿದ್ದರೆ ಹೊಳೆಯುವ ಕಪ್ಪು ಕಲೆ ಮೂಡುತ್ತದೆ. ಕೂದಲೆಳೆಯಷ್ಟಿದ್ದರೂ ಸಿಕ್ಕಿಬೀಳುತ್ತದೆ. ತೊಡಕಿರುವುದೂ ಅಲ್ಲೇ: ಸತುವಿನಲ್ಲಿ, ಆಮ್ಲದಲ್ಲಿ ಮೊದಲೇ ಪಾಷಾಣದ ಸೋಂಕಿದ್ದರೆ ಅದೂ ಕಲೆ ಮೂಡಿಸುತ್ತದೆ.

ಇದು ಮರಿ ಲಫಾರ್ಜ್ ಎಂಬಾಕೆಯ ಕೊರಳಿಗೆ ಬಂತು. 1839ರಲ್ಲಿ ದಲ್ಲಾಳಿಯ ಮೂಲಕ ಮದುವೆ. ಗಂಡ ಸಿರಿವಂತ, ಕೋಟೆಯಂಥ ಮನೆ ಎಂದಿದ್ದರು. ಹೋಗಿ ನೋಡಿದರೆ ಪಾಳುಮನೆ, ಇಲಿ, ಸಾಲ. (ಇಂಥ ಮದುವೆ ನಮ್ಮ ಕಡೆ ಕೇಳದ್ದೇ?) 1840ರ ಜನವರಿಯಲ್ಲಿ ಗಂಡ ಸತ್ತ. ಇಲಿಗೆಂದು ಆಕೆ ಪಾಷಾಣ ಕೊಂಡದ್ದು ನಿಜ.

ಫ್ರಾನ್ಸಿನ ತ್ಯೂಲ್ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ಸ್ಥಳೀಯ ತಜ್ಞರು ಶವದ ಅಂಶಗಳನ್ನು ಮಾರ್ಷ್ ವಿಧಾನದಲ್ಲಿ ಪರೀಕ್ಷಿಸಿ ಪಾಷಾಣ ಇಲ್ಲವೆಂದರು. ಹೂತ ಶವ ತೆಗೆದು ನೋಡಿದರೂ ಇಲ್ಲ. ಆಕೆ ಕೊಟ್ಟ ಪಾನೀಯದಲ್ಲಿ ಮಾತ್ರ ಇದೆಯೆಂದರು. ಕೊನೆಗೆ ಪ್ಯಾರಿಸಿನಿಂದ ಓರ್ಫಿಲಾ ಬಂದರು. ವೈದ್ಯಕೀಯ ವಿಭಾಗದ ಡೀನ್, ವಿಷಶಾಸ್ತ್ರದಲ್ಲಿ ದೊಡ್ಡ ಹೆಸರು. ಅದೇ ವಿಧಾನ, ಅವರ ಕೈಯಲ್ಲಿ ಕಲೆ ಮೂಡಿತು. ತಾವು ಬಳಸಿದ ದ್ರವ್ಯಗಳಿಂದಾಗಲಿ, ಗೋರಿಯ ಮಣ್ಣಿನಿಂದಾಗಲಿ ಅದು ಬಂದಿಲ್ಲವೆಂದು ಖಚಿತವಾಗಿ ನುಡಿದರು. ಜೀವಾವಧಿ ಶಿಕ್ಷೆಯಾಯಿತು. ಅವರನ್ನು ಎದುರಿಸಲು ಬರುತ್ತಿದ್ದ ರಸ್ಪಾಯ್ ಎಂಬ ಇನ್ನೊಬ್ಬ ವಿಜ್ಞಾನಿ ತಲುಪುವಷ್ಟರಲ್ಲಿ ತೀರ್ಪು ಮುಗಿದಿತ್ತು.

ಆಕೆ ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಪಾನೀಯದ ಸಾಕ್ಷ್ಯ ಸಣ್ಣದಲ್ಲ. ಆದರೆ ಒಂದೇ ಪರೀಕ್ಷೆ ಇಲ್ಲ ಇಲ್ಲ ಎಂದು ಹೇಳಿ, ದೊಡ್ಡವರು ಬಂದೊಡನೆ ಹೌದು ಎಂದಾಗ, ನನಗಾದರೆ ಆ ರಸ್ಪಾಯ್ ಬರುವವರೆಗೆ ಕಾಯಬೇಕೆನಿಸುತ್ತಿತ್ತು. 1852ರಲ್ಲಿ, ಕ್ಷಯದಿಂದ ಜರ್ಜರಿತಳಾಗಿದ್ದ ಆಕೆಯನ್ನು ಬಿಡುಗಡೆ ಮಾಡಿದರು. ಅದೇ ವರ್ಷ ತೀರಿಕೊಂಡಳು.