ಬೌಲರನ ಇಳಿಹೊತ್ತು

ದಾಂಡಿಗನ ಇಳಿತವನ್ನು ಜನ ಬೇಗ ಕಂಡುಕೊಳ್ಳುತ್ತಾರೆ. ನಾಲ್ಕು ಸಲ ಸೊನ್ನೆ ಸುತ್ತಿದನೆಂದರೆ ತೀರ್ಪು ಆಗಿಯೇ ಹೋಯಿತು. ಬೌಲರನ ಸಂಗತಿ ಹಾಗಲ್ಲ. ಆತ ಎಬ್ಬಿಸಿದ ಕ್ಯಾಚನ್ನು ಹಿಡಿಯಬೇಕಾದವನು ಬಿಟ್ಟಿರಬಹುದು, ಪಿಚ್ಚಿನಲ್ಲಿ ಜೀವವಿಲ್ಲದಿರಬಹುದು. ವಿಕೆಟ್ಟು ಬೀಳದಿದ್ದುದು ಕೈಯ ದೋಷವೋ ಕಾಲದ ದೋಷವೋ ಎಂದು ಹೇಳುವುದು ಬಲ್ಲವರಿಗೂ ಕಷ್ಟ. ನಮ್ಮ ನಾಡಿನ ಕ್ರಿಕೆಟ್ ಚರಿತ್ರೆಯಲ್ಲಿ ಈ ಪ್ರಶ್ನೆ ಬಲವಾಗಿ ಎದ್ದದ್ದು ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ವಿಷಯದಲ್ಲಿ. ಅದೂ ಎರಡು ಬಾರಿ.

ಮೊದಲನೆಯ ಸಲ ಅವರಿಗಿನ್ನೂ 22 ವರ್ಷ. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ ಬಲಗೈಯಿಂದಲೇ ಲೆಗ್ ಸ್ಪಿನ್ ಎಸೆದು, 1964ರಲ್ಲಿ ಟೆಸ್ಟ್ ತಂಡ ಸೇರಿದವರು ಅವರು. ಫೀಲ್ಡಿಂಗಿಗೆ ನಿಂತಾಗ ಚೆಂಡನ್ನು ಹಿಂದಕ್ಕೆ ಎಸೆಯುತ್ತಿದ್ದುದು ಎಡಗೈಯಿಂದ. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗೊಂಡರು. ಆಮೇಲೆ ಸ್ಕೂಟರ್ ಅಪಘಾತವೂ ಆಯಿತು. ಮೂರು ವರ್ಷಕ್ಕೂ ಮೀರಿ ಟೆಸ್ಟ್ ತಂಡದಲ್ಲಿ ಅವರ ಹೆಸರಿರಲಿಲ್ಲ. ಕತೆ ಮುಗಿಯಿತೆಂದು ಆಗ ಯಾರಾದರೂ ಅಂದುಕೊಂಡಿದ್ದರೆ ತಪ್ಪೇನು? ಆದರೆ 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರಕಿಸಿದರು. 1972-73ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಐದು ಟೆಸ್ಟುಗಳಲ್ಲಿ 35 ವಿಕೆಟ್.

ಎರಡನೆಯ ಸಲದ ಕತೆ ಬೇರೆ. 1977ರ ಕೊನೆಯ ವಾರ ಮೆಲ್ಬರ್ನಿನಲ್ಲಿ ಆರಂಭವಾದ ಟೆಸ್ಟಿನಲ್ಲಿ ಚಂದ್ರಶೇಖರ್ ಎರಡು ಸರದಿಗಳಲ್ಲೂ 52 ಓಟಗಳಿಗೆ 6 ವಿಕೆಟ್ ಪಡೆದರು. ಲೆಕ್ಕ ಅಚ್ಚೊತ್ತಿದಂತೆ ಒಂದೇ. ಭಾರತ 222 ಓಟಗಳಿಂದ ಗೆದ್ದಿತು. ಹತ್ತು ತಿಂಗಳೂ ಕಳೆದಿರಲಿಲ್ಲ, ತಂಡ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಜಹೀರ್ ಅಬ್ಬಾಸ್ ಮೂರು ಟೆಸ್ಟುಗಳಲ್ಲಿ 583 ಓಟ ಬಾರಿಸಿದರು. ಜೊತೆಗೆ ತರುಣ ಜಾವೆದ್ ಮಿಯಾಂದಾದ್. ಬೇಡಿ 6, ಚಂದ್ರಶೇಖರ್ 8, ಬೆಂಗಳೂರಿನ ಪ್ರಸನ್ನ 2: ಲೋಕವನ್ನೇ ಹೆದರಿಸಿದ್ದ ಮೂವರು ಸೇರಿ ಆ ಸರಣಿಯಲ್ಲಿ ಪಡೆದದ್ದು 16 ವಿಕೆಟ್. 38ರ ಪ್ರಸನ್ನ ಮತ್ತೆ ಟೆಸ್ಟ್ ಆಡಲಿಲ್ಲ. ಸ್ಪಿನ್ನಿನ ಯುಗ ಮುಗಿಯಿತೆಂದು ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗೆರೆ ಎಳೆಯುವುದು ಇಲ್ಲಿಯೇ.

ಚಂದ್ರಶೇಖರರ ಮಟ್ಟಿಗೆ ಆ ಗೆರೆ ತುಸು ಅವಸರದ್ದೆಂದು ನನಗೆ ತೋರುತ್ತದೆ. ಸ್ಪಿನ್ ಆಡುವುದರಲ್ಲಿ ನುರಿತ ದಾಂಡಿಗರು, ನಿರ್ಜೀವ ಪಿಚ್ಚುಗಳು. ಆದರೂ ಮೂವರಲ್ಲಿ ಹೆಚ್ಚು ವಿಕೆಟ್ ಪಡೆದವರು ಅವರೇ. ಅದೇ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಒಂದೇ ಸರದಿಯಲ್ಲಿ 5 ವಿಕೆಟ್ ಬಂದವು. ಪ್ಯಾಕರನ ಕಡೆಗೆ ಹೋದ ಆಟಗಾರರಿಲ್ಲದ ಬಡ ತಂಡವದು ಎಂಬುದನ್ನು ಮರೆಯಬಾರದು, ನಿಜ. ನಿಜವಾದ ಸಾಕ್ಷಿ ದೊರೆತದ್ದು 1979ರ ಜುಲೈಯಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ. ಇಂಗ್ಲೆಂಡ್ 633 ಓಟ ಪೇರಿಸಿತು. ಚಂದ್ರಶೇಖರರಿಗೆ ಒಂದು ವಿಕೆಟ್ಟೂ ಇಲ್ಲ. ಬೇರೆ ನೆಲ, ಬೇರೆ ಹವೆ, ಬೇರೆ ದಾಂಡಿಗರು, ಆದರೂ ಅದೇ ಫಲ. 58 ಟೆಸ್ಟು, 242 ವಿಕೆಟ್ಟುಗಳ ಲೆಕ್ಕ ಅಲ್ಲಿಗೆ ಮುಗಿಯಿತು.

ವಿಕೆಟ್ಟಿನ ಲೆಕ್ಕ ಯಾವಾಗಲೂ ತಡವಾಗಿ ಬರುವ ಸಾಕ್ಷಿ. ಮೊದಲು ಹೇಳುವುದು ದಾಂಡಿಗನ ಕಾಲು. ಚಂದ್ರಶೇಖರರ ಚೆಂಡಿನ ವಿಷವಿದ್ದದ್ದು ತಿರುವಿಗಿಂತ ಹೆಚ್ಚಾಗಿ ನೆಲ ಮುಟ್ಟಿದ ಮೇಲಿನ ಅದರ ಧಾವಂತದಲ್ಲಿ. ಆ ಧಾವಂತ ಕೂದಲೆಳೆಯಷ್ಟು ಕುಗ್ಗಿದರೂ ಹಿಂದೆ ಸರಿದು ಆಡಲು ದಾಂಡಿಗನಿಗೆ ಸಮಯ ಸಿಗುತ್ತದೆ; ಮೊನ್ನೆಯವರೆಗೆ ತಡಕಾಡುತ್ತಿದ್ದವನು ಕಾದು ಹೊಡೆಯುತ್ತಾನೆ. ಚನ್ನಗಿರಿ ಸೀಮೆಯ ಕೆರೆಬಿಳಚಿಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಚೆಂಡು ಆಡುವ ಹುಡುಗರಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಯಸ್ಸಂತೂ ನಂಬತಕ್ಕ ಸಾಕ್ಷಿಯೇ ಅಲ್ಲ. ಪಾಕಿಸ್ತಾನಕ್ಕೆ ಹೋದಾಗ ಚಂದ್ರಶೇಖರರಿಗೆ 33. ಅನಿಲ್ ಕುಂಬ್ಳೆಯವರನ್ನು 2003ರ ಡಿಸೆಂಬರಿನಲ್ಲಿ ಬ್ರಿಸ್ಬೇನ್ ಟೆಸ್ಟಿಗೆ ಕೈಬಿಟ್ಟಾಗ ಅವರಿಗೂ 33. ಬಲ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. 2001ರಲ್ಲಿ ಅವರಿಲ್ಲದ ಸರಣಿಯಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದಿದ್ದರು. ಆದರೆ ಬ್ರಿಸ್ಬೇನಿನ ಮುಂದಿನ ಮೂರೇ ಟೆಸ್ಟುಗಳಲ್ಲಿ ಕುಂಬ್ಳೆ 24 ವಿಕೆಟ್ ಕಿತ್ತರು. ಗಾಯಗೊಂಡ ಭುಜ ಬೇರೆ, ಸವೆದ ಭುಜ ಬೇರೆ. ಅವರ ಇಳಿಹೊತ್ತು ಬಂದದ್ದು ಐದು ವರ್ಷದ ತರುವಾಯ: 2008ರಲ್ಲಿ ತವರಾದ ಬೆಂಗಳೂರಿನಲ್ಲೇ ಆಸ್ಟ್ರೇಲಿಯಾದ ಎದುರು ವಿಕೆಟ್ಟಿಲ್ಲದ ಟೆಸ್ಟು. ದೆಹಲಿಯಲ್ಲಿ ಬೆರಳಿಗೆ ಹೊಲಿಗೆ ಹಾಕಿಸಿಕೊಂಡೇ ಎಸೆದು, ಯಾರೂ ಹೇಳುವ ಮೊದಲೇ ತಾವೇ ನಿವೃತ್ತರಾದರು.

ಇನ್ನು ಕೆರೆಬಿಳಚಿಯ ಹುಡುಗರಿಗೆ ಹತ್ತಿರದ ಉದಾಹರಣೆ, ದಾವಣಗೆರೆಯ ಆರ್. ವಿನಯ್ ಕುಮಾರ್. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರು ಎಸೆದ 9 ಓವರುಗಳಿಗೆ 102 ಓಟಗಳು ಹೋದವು. ಒಂದು ರಾತ್ರಿಯ ಲೆಕ್ಕವನ್ನೇ ಹಿಡಿದು ಬೌಲರನನ್ನು ಅಳೆಯುವ ಮಂದಿಗೆ ಇಷ್ಟು ಧಾರಾಳ ಸಾಕು. ಆದರೆ ಅದೇ ಋತುವಿನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ಹದಿನೈದು ವರ್ಷಗಳ ನಂತರ ರಣಜಿ ಟ್ರೋಫಿ ಗೆದ್ದಿತು. ಮರುವರ್ಷ ಮತ್ತೆ ಗೆದ್ದಾಗ, ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ ಮೊದಲ ಸರದಿಯಲ್ಲೇ ಅವರಿಗೆ 5 ವಿಕೆಟ್. ಮೇಲೆ ಔಟಾಗದೆ ಹೊಡೆದ ಶತಕ. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿ ವಿರುದ್ಧ ಹ್ಯಾಟ್ರಿಕ್ ಸಹಿತ 34 ಓಟಗಳಿಗೆ 6 ವಿಕೆಟ್. ಆಗ ಅವರಿಗೂ 33. 2019ರಲ್ಲಿ ಪುದುಚೇರಿ ತಂಡಕ್ಕೆ ಹೋದರು. 2021ರ ಫೆಬ್ರವರಿಯಲ್ಲಿ ನಿವೃತ್ತಿ ಸಾರಿದಾಗ ಅವರ ಪ್ರಥಮ ದರ್ಜೆಯ ವಿಕೆಟ್ಟುಗಳು 504. ಆ 102 ಓಟಗಳ ರಾತ್ರಿ ಕಳೆದು ಆಗ ಏಳು ವರ್ಷ ದಾಟಿತ್ತು.